ಕುಳಿತವನನ್ನು ನೋಡುವ ಬುದ್ಧ

ಪಾಟನ್ನಿನ ಬುದ್ಧವಿಗ್ರಹಗಳನ್ನು ನಿಂತು ನೋಡಿ ತೀರ್ಪು ಕೊಡಬಾರದು. ಅಂಗಡಿಯಲ್ಲಿ ನಾವೆಲ್ಲ ನಿಂತೇ ನೋಡುತ್ತೇವೆ. ಅದಕ್ಕೇ ಅಲ್ಲಿನ ಬುದ್ಧರೆಲ್ಲ ತೂಕಡಿಸುತ್ತಿರುವಂತೆ ಕಾಣುತ್ತಾರೆ. ನೇಪಾಳದ ಆ ಊರಿನ ಶಾಕ್ಯ ಮನೆತನದ ಶಿಲ್ಪಿಯೊಬ್ಬರ ಕೈಯಲ್ಲಿ ಮೂಡಿದ, ಒಂದಡಿ ಎತ್ತರದ ಶಾಕ್ಯಮುನಿ ನಾನು ಧ್ಯಾನಕ್ಕೆ ಕೂರುವ ಕೋಣೆಯ ಗೂಡಿನಲ್ಲಿದ್ದಾನೆ. ಬಲಗೈ ಭೂಮಿಯನ್ನು ಮುಟ್ಟಿದೆ, ಎಡಗೈಯಲ್ಲಿ ಭಿಕ್ಷಾಪಾತ್ರೆ. ಚಾಪೆಯ ಮೇಲೆ ಕುಳಿತು ತಲೆಯೆತ್ತಿದರೆ ಅರೆಮುಚ್ಚಿದ ರೆಪ್ಪೆಗಳ ಕೆಳಗೆ ಎಚ್ಚರದ ನೋಟವೊಂದು ಸಿಗುತ್ತದೆ. ಎದ್ದು ನಿಂತರೆ ಅದು ಮಾಯ. ನೋಡುವವನು ಎಲ್ಲಿರುತ್ತಾನೆಂಬುದು ಶಿಲ್ಪಿಗೆ ಗೊತ್ತಿತ್ತು. ಶೋಕೇಸಿಗೆಂದು ಕೊಳ್ಳುವವರಿಗೆ ಗೊತ್ತಿರುವುದಿಲ್ಲ.

ಈ ಕಸುಬು ನಮಗೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ದಲ್ಲಿ ವಿವರಿಸಿದ ಮಧೂಚ್ಛಿಷ್ಟ ವಿಧಾನವೇ ಇದು. ಮೇಣದಲ್ಲಿ ಮೂರ್ತಿ ಮಾಡಿ, ಮಣ್ಣು ಮೆತ್ತಿ, ಕಾಯಿಸಿ ಮೇಣವನ್ನು ಹರಿಯಬಿಟ್ಟು, ಆ ಪೊಳ್ಳಿಗೆ ಕರಗಿದ ಲೋಹ ಹೊಯ್ಯುವುದು. ಅಚ್ಚು ಒಡೆದಾಗ ಸಿಗುವುದು ಒರಟು ತಾಮ್ರ. ಉಳಿಯ ಕೆಲಸವೆಲ್ಲ ಆಮೇಲೆ. ಅಳತೆಯಲ್ಲಿ ಶಿಲ್ಪಿಗೆ ಸ್ವಾತಂತ್ರ್ಯವಿಲ್ಲ, ಮುಖದ ಉದ್ದವೇ ಇಡೀ ದೇಹಕ್ಕೆ ಮಾನ. ಆದರೆ ರೆಪ್ಪೆಯಂಚಿನ ಆ ಬಾಗು ಮಾತ್ರ ಶಾಸ್ತ್ರದ್ದಲ್ಲ, ಕೈಯದು. ನನ್ನ ತಕರಾರಿರುವುದು ಚೀವರದ ಅಂಚಿನ ಹೂಬಳ್ಳಿಯ ಬಗ್ಗೆ. ಭಿಕ್ಷುವಿನ ಬಟ್ಟೆಗೆ ಇಷ್ಟೊಂದು ಜರಿ ಯಾಕೆ? ಕೆತ್ತನೆ ನೋಡಿ ಬೆಲೆ ಕಟ್ಟುವ ನಮ್ಮಂಥವರೇ ಶಿಲ್ಪಿಗೆ ಈ ಚಟ ಹತ್ತಿಸಿರಬೇಕು. ಕಣ್ಣು ಮುಖದಿಂದ ಜಾರಿ ಬಟ್ಟೆಯಂಗಡಿಗೆ ಹೋಗಿಬಿಡುತ್ತದೆ.

ಇನ್ನು ಚಿನ್ನ. ಹಳೆಯ ಪದ್ಧತಿಯಲ್ಲಿ ಚಿನ್ನವನ್ನು ಪಾದರಸದಲ್ಲಿ ಬೆರೆಸಿ ವಿಗ್ರಹಕ್ಕೆ ಬಳಿದು, ಬೆಂಕಿ ತೋರಿಸಿ ಪಾದರಸವನ್ನು ಹಾರಿಸುತ್ತಾರೆ. ಚಿನ್ನ ತಾಮ್ರಕ್ಕೆ ಕಚ್ಚಿಕೊಳ್ಳುತ್ತದೆ. ಹಾರಿದ ಆವಿ ಕೆಲಸಗಾರನ ಉಸಿರಿನೊಳಗೆ ಹೋಗಿ ನರಗಳನ್ನೂ ಮೂತ್ರಪಿಂಡಗಳನ್ನೂ ಕೆಡಿಸುತ್ತದೆ. ವಿದ್ಯುತ್ ಲೇಪನದ ಬುದ್ಧರನ್ನೂ ನೋಡಿದ್ದೇನೆ. ಹೊಳಪೇನೋ ಇದೆ, ಆದರೆ ಮೂಗಿನ ತುದಿಯಿಂದ ಪೀಠದವರೆಗೆ ಒಂದೇ ಹಳದಿ. ಬರೀ ಚಂದದ ಪ್ರಶ್ನೆಯಾಗಿದ್ದರೆ ನನ್ನ ಓಟು ಬೆಂಕಿಯ ಚಿನ್ನಕ್ಕೇ. ಆದರೆ ಕಣ್ಣುಮುಚ್ಚಿ ಕುಳಿತು ತನ್ನ ಉಸಿರನ್ನು ಗಮನಿಸುವವನು ಇನ್ನೊಬ್ಬನ ಉಸಿರನ್ನು ಲೆಕ್ಕಕ್ಕೆ ಹಿಡಿಯದಿರುವುದು ಹೇಗೆ?

ಹಾಗಾಗಿ ನಾನು ಆರಿಸಿಕೊಂಡದ್ದು ಬರಿಮೈಯ ತಾಮ್ರದ ಬುದ್ಧನನ್ನು. ಮುಖಕ್ಕೆ ಮಾತ್ರ ಅಂಟಿನಲ್ಲಿ ಕಲಸಿದ ಚಿನ್ನದ ಪುಡಿಯನ್ನು ಕುಂಚದಿಂದ ಹಚ್ಚಿದ್ದಾರೆ, ಕೂದಲಿಗೆ ನೀಲಿ. ಇದಕ್ಕೆ ಬೆಂಕಿಯೂ ಬೇಡ, ಪಾದರಸವೂ ಬೇಡ. ತಾಮ್ರ ತನ್ನಷ್ಟಕ್ಕೆ ತಾನು ಕಪ್ಪಾಗುತ್ತಿದೆ. ರಾಸಾಯನಿಕ ಹಚ್ಚಿ ಒಂದೇ ದಿನದಲ್ಲಿ ಮುನ್ನೂರು ವರ್ಷ ವಯಸ್ಸು ಮಾಡಿಸುವ ಅಂಗಡಿಯ ಕಪ್ಪಿಗಿಂತ ಇದು ಎಷ್ಟೋ ಮೇಲು. ಆದರೆ ನಮ್ಮ ಮನೆಯಲ್ಲಿ ಕಪ್ಪಾದ ತಾಮ್ರವನ್ನು ಯಾರೂ ಸಹಿಸುವುದಿಲ್ಲ. ಹಬ್ಬದ ಹಿಂದಿನ ದಿನ ದೇವರ ಪಾತ್ರೆಗಳೆಲ್ಲ ಹುಣಿಸೆಹಣ್ಣಿನ ಮುಂದೆ ಸಾಲುಗಟ್ಟುತ್ತವೆ. ಬುದ್ಧನನ್ನು ಆ ಸಾಲಿನಿಂದ ನಾನೇ ಎತ್ತಿ ಬೇರೆ ಇಡುತ್ತೇನೆ. ಮುಖದ ಮೇಲಿನ ಆ ಚಿನ್ನ ನೀರನ್ನೂ ತಾಳುವುದಿಲ್ಲ, ಹುಳಿಯನ್ನೂ ತಾಳುವುದಿಲ್ಲ.