ಗೆದ್ದವನಿಗೆ ಇಲ್ಲದ ಕಣ್ಣೀರು: ರನ್ನನ ದುರ್ಯೋಧನ ವಿಲಾಪದ ಒಂದು ದೈವಶಾಸ್ತ್ರೀಯ ಓದು

ಕಳೆದ ನವೆಂಬರ್ ತಿಂಗಳಲ್ಲಿ, ಮೃತ ವಿಶ್ವಾಸಿಗಳ ಸ್ಮರಣೆಯ ದಿನಗಳಲ್ಲಿ, ನಾವು ಕೊಡಗಿನ ಬಾಳೆಲೆಯ ಒಂದು ಮನೆಗೆ ಪ್ರಾರ್ಥನೆಗೆಂದು ಹೋಗಿದ್ದೆವು. ಮನೆಯ ಯಜಮಾನರು ನಿವೃತ್ತ ಹವಾಲ್ದಾರರು. 1987ರಲ್ಲಿ ಶ್ರೀಲಂಕೆಗೆ ತೆರಳಿದ ಭಾರತೀಯ ಶಾಂತಿಪಾಲನಾ ಪಡೆಯಲ್ಲಿದ್ದವರು. ಪೂಜಾ ಉದ್ದೇಶಗಳಿಗಾಗಿ ಅವರು ಬರೆದುಕೊಟ್ಟ ಚೀಟಿಯಲ್ಲಿ ತಂದೆ, ತಾಯಿ, ಅಣ್ಣ ಮತ್ತು ಅಲ್ಲಿ ಮಡಿದ ಇಬ್ಬರು ಸಂಗಡಿಗರ ಹೆಸರುಗಳಿದ್ದವು. ಕೊನೆಯ ಸಾಲಿನಲ್ಲಿ ಹೆಸರಿರಲಿಲ್ಲ. ‘ಒಬ್ಬ ಹುಡುಗ’ ಎಂದಷ್ಟೇ ಇತ್ತು. ಯಾರೆಂದು ಕೇಳಿದೆವು. “ಹೆಸರು ನನಗೂ ಗೊತ್ತಿಲ್ಲ, ಫಾದರ್. ನನ್ನ ಗುಂಡಿಗೆ ಸತ್ತವನು. ಅವನಿಗಾಗಿಯೂ ಒಂದು ಪೂಜೆ ಕೊಡಿಸಬಹುದೇ?” ಎಂದರು.

ಅದು ಪಾಪನಿವೇದನೆಯಾಗಿರಲಿಲ್ಲ. ಜಗಲಿಯಲ್ಲಿ, ಪತ್ನಿಯ ಎದುರಿನಲ್ಲಿಯೇ ಅವರು ಆ ಮಾತನ್ನಾಡಿದರು. ಇಲ್ಲಿ ಬರೆಯಲು ಒಪ್ಪಿಗೆಯನ್ನೂ ಕೊಟ್ಟಿದ್ದಾರೆ. ಆದರೆ ಆ ಕ್ಷಣದಲ್ಲಿ ನಮಗೆ ಉತ್ತರ ತೋಚಲಿಲ್ಲ. ನ್ಯಾಯಯುದ್ಧದ ಷರತ್ತುಗಳನ್ನು ವರ್ಷವರ್ಷವೂ ತರಗತಿಯಲ್ಲಿ ಬೋಧಿಸುವವರು ನಾವು: ನ್ಯಾಯಬದ್ಧ ಅಧಿಕಾರ, ನ್ಯಾಯವಾದ ಕಾರಣ, ಸದುದ್ದೇಶ, ಕೊನೆಯ ಉಪಾಯವೆಂಬ ನಿಶ್ಚಯ, ಪ್ರಮಾಣಬದ್ಧತೆ. ಯುದ್ಧವನ್ನು ಆರಂಭಿಸಬಹುದೇ ಎಂಬ ಪ್ರಶ್ನೆಗೆ ಇವು ಅಳತೆಗೋಲುಗಳು. ಯುದ್ಧ ಮುಗಿದು ಮೂವತ್ತು ವರ್ಷಗಳು ಕಳೆದ ಮೇಲೂ ಒಬ್ಬ ಸೈನಿಕನ ಎದೆಯಲ್ಲಿ ಉಳಿದ ಪ್ರಶ್ನೆಗೆ ಇವುಗಳಲ್ಲಿ ಉತ್ತರವಿಲ್ಲ. ಗುರುಮಠಕ್ಕೆ ಹಿಂದಿರುಗಿದ ಮೇಲೆ, ನಮ್ಮ ಭಾಷೆಯು ಯುದ್ಧದಲ್ಲಿ ಸತ್ತವರ ಮುಂದೆ ಹೇಗೆ ನಿಂತಿದೆ ಎಂದು ತಿಳಿಯಲು ರನ್ನನ ‘ಗದಾಯುದ್ಧ’ವನ್ನು ಮತ್ತೆ ತೆರೆದೆವು.

‘ಸಾಹಸಭೀಮ ವಿಜಯ’ವೆಂಬ ಇನ್ನೊಂದು ಹೆಸರಿನ ಈ ಕಾವ್ಯ ಸಾವಿರ ವರ್ಷಗಳಷ್ಟು ಹಳೆಯದು. ಜೈನ ಕವಿಯಾದ ರನ್ನನು ತನ್ನ ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನೊಡನೆ ಸಮೀಕರಿಸಿ ಇದನ್ನು ರಚಿಸಿದನು. ಕಾವ್ಯದ ಉದ್ದೇಶ ಭೀಮನ ಗೆಲುವನ್ನು ಕೊಂಡಾಡುವುದು. ಆದರೂ ಕನ್ನಡದ ಓದುಗನ ನೆನಪಿನಲ್ಲಿ ನಿಂತಿರುವುದು ಭೀಮನ ಗೆಲುವಲ್ಲ, ದುರ್ಯೋಧನನ ಅಳಲು. ಸೈನ್ಯವೆಲ್ಲ ಅಳಿದ ಮೇಲೆ ಅವನು ಸಂಜಯನೊಡನೆ ಕುರುಕ್ಷೇತ್ರದ ಹೆಣಗಳ ನಡುವೆ ಭೀಷ್ಮರನ್ನು ಕಾಣಲು ನಡೆಯುತ್ತಾನೆ. ದಾರಿಯಲ್ಲಿ ದ್ರೋಣ, ಅಭಿಮನ್ಯು, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ ಬಿದ್ದಿದ್ದಾರೆ. ಅವನು ಒಬ್ಬೊಬ್ಬರ ಮುಂದೆಯೂ ನಿಲ್ಲುತ್ತಾನೆ.

ಈ ಭಾಗದ ಹಿರಿಮೆ ಎರಡು ಸಂಗತಿಗಳಲ್ಲಿದೆ. ಮೊದಲನೆಯದು, ಯುದ್ಧದ ವೆಚ್ಚವನ್ನು ರನ್ನನು ಹೆಣಗಳ ಸಂಖ್ಯೆಯಿಂದಲ್ಲ, ತಲೆಕೆಳಗಾದ ಕ್ರಮದಿಂದ ಅಳೆಯುತ್ತಾನೆ. ತಂದೆಗೆ ಮಗನು ತರ್ಪಣ ಕೊಡುವುದು ಉಚಿತ. ಇಲ್ಲಿ ಮಗನಿಗೆ ತಂದೆ ಕೊಡಬೇಕಾಗಿದೆ. ತಾಯಿಯ ಹಾಲಿನಿಂದ ಮೊದಲುಗೊಂಡು ಎಲ್ಲದರಲ್ಲಿಯೂ ಅಣ್ಣನ ಹಿಂದೆಯೇ ಬಂದ ದುಶ್ಶಾಸನನು ಸಾವಿನಲ್ಲಿ ಮಾತ್ರ ಮುಂದೆ ಹೋಗಿದ್ದಾನೆ. ಮಗನ ಶವಪೆಟ್ಟಿಗೆಗೆ ಹೆಗಲು ಕೊಟ್ಟ ತಂದೆಯನ್ನು ಕಂಡಿರುವ ಯಾವ ಯಾಜಕನಿಗೂ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯದು, ಶತ್ರುಪಕ್ಷದ ಬಾಲಕ ಅಭಿಮನ್ಯುವಿನ ಮುಂದೆಯೂ ದುರ್ಯೋಧನನು ನಿಲ್ಲುತ್ತಾನೆ; ಅವನ ಸಾಹಸವನ್ನು ಮೆಚ್ಚಿ, ಅಂಥ ಮರಣ ತನಗೂ ಬರಲೆಂದು ಹಾರೈಸುತ್ತಾನೆ. ಬಾಳೆಲೆಯ ಚೀಟಿಯ ಕೊನೆಯ ಸಾಲಿಗೆ ಕನ್ನಡ ಕಾವ್ಯದಲ್ಲಿ ಸಿಗುವ ಅತಿ ಸಮೀಪದ ದೃಶ್ಯ ಇದೇ ಎಂದು ನಮಗೆ ತೋರಿತು.

ದುರ್ಯೋಧನನನ್ನು ದುರಂತನಾಯಕನೆಂದು ಕಾಣುವ ಓದು ನಮ್ಮಲ್ಲಿ ಬಲವಾಗಿದೆ, ಬಿ. ಎಂ. ಶ್ರೀಕಂಠಯ್ಯನವರು ಈ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಆಗಿ ರೂಪಾಂತರಿಸಿದ ಮೇಲೆ ಅದು ಇನ್ನಷ್ಟು ಬೇರೂರಿತು. ಆ ಓದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದು ಕೇಳದೆ ಬಿಟ್ಟ ಮೂರು ಪ್ರಶ್ನೆಗಳಿವೆ.

ಮೊದಲನೆಯದಾಗಿ, ಈ ಅಳಲು ಎಲ್ಲಿಗೆ ಮುಟ್ಟುತ್ತದೆ? ಶರಶಯ್ಯೆಯಲ್ಲಿರುವ ಭೀಷ್ಮರು ಸಂಧಿಯ ಮಾತನ್ನಾಡಿದರೆ ದುರ್ಯೋಧನನು ಒಪ್ಪುವುದಿಲ್ಲ. ತಮ್ಮನನ್ನೂ ಕರ್ಣನನ್ನೂ ಕೊಂದವರೊಡನೆ ಬಾಳುವುದೆಂತು ಎಂಬುದೇ ಅವನ ವಾದ. ದುಃಖವು ಮನಃಪರಿವರ್ತನೆಯಾಗದೆ ಮುಂದಿನ ಹಗೆಗೆ ಇಂಧನವಾಗುತ್ತದೆ. ಮಡಿದವರ ಹೆಸರಿನಲ್ಲಿ ಇನ್ನಷ್ಟು ಮಡಿಯಬೇಕೆನ್ನುವ ಈ ತರ್ಕವನ್ನು ಎಲ್ಲ ಕಾಲದ ಯುದ್ಧಗಳೂ ಬಳಸಿವೆ.

ಎರಡನೆಯದಾಗಿ, ಯಾರು ಇಲ್ಲಿ ಕಾಣುವುದಿಲ್ಲ? ಹೆಸರುಳ್ಳ ಹೆಣಗಳ ಮುಂದೆ ಅರಸನು ನಿಲ್ಲುತ್ತಾನೆ. ಹೆಸರಿಲ್ಲದ ಕಾಲಾಳುಗಳು ಅವನ ದಾರಿಗೆ ತೊಡಕಾಗಿ ಬಿದ್ದಿದ್ದಾರೆ. ಆಯುಧ ಹಿಡಿಯದ ಜನರಂತೂ ಈ ರಣಭೂಮಿಯಲ್ಲಿ ಇಲ್ಲವೇ ಇಲ್ಲ. ಆದರೆ ಕೊಡಗಿನ ಕಥೋಲಿಕರ ಚರಿತ್ರೆ ಆರಂಭವಾಗುವುದೇ ಅಂಥ ಜನರಿಂದ. 1784ರಲ್ಲಿ ಕೆನರಾದ ಕ್ರೈಸ್ತರು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಸಾಗಿಸಲ್ಪಟ್ಟರು; ಕೊಡವರೂ ಅದೇ ಸೆರೆಯನ್ನು ಕಂಡರು. ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ದೊಡ್ಡ ವೀರರಾಜೇಂದ್ರನು ವಿರಾಜಪೇಟೆಯಲ್ಲಿ ನೆಲೆ ಕೊಟ್ಟನು. ಅಲ್ಲಿನ ಸಂತ ಅನ್ನಮ್ಮನವರ ದೇವಾಲಯದ ಆರಂಭ 1792ರಲ್ಲಿ. ನಮ್ಮ ಪೂರ್ವಜರು ಯಾವ ವೀರಗಲ್ಲಿನ ಮೇಲೂ ಇಲ್ಲದ, ಯುದ್ಧದಿಂದ ಓಡಿಬಂದ ಸಾಮಾನ್ಯರು. ಇದನ್ನು ಹಳೆಯ ಹಗೆಯನ್ನು ಕೆದಕಲು ಬಳಸುವವರು ದುರ್ಯೋಧನನ ತಪ್ಪನ್ನೇ ಮಾಡುತ್ತಾರೆ. ಇಂದು ಮನೆ ಬಿಟ್ಟು ಓಡುತ್ತಿರುವವರನ್ನು ಗುರುತಿಸಲು ಬಳಸಿದರೆ ಮಾತ್ರ ಅದು ಕ್ರೈಸ್ತ ಸ್ಮರಣೆಯಾದೀತು.

ಮೂರನೆಯದಾಗಿ, ಗೆದ್ದವನು ಎಲ್ಲಿ ಅಳಬೇಕು? ಕಾವ್ಯವು ಭೀಮನ ಪಟ್ಟಾಭಿಷೇಕದತ್ತ ಸಾಗುತ್ತದೆ. ಹೆಣಗಳ ಮುಂದೆ ಒಬ್ಬೊಬ್ಬರನ್ನೇ ನೋಡುತ್ತ ನಿಲ್ಲುವ ಸರದಿ ಅವನಿಗೆ ಬರುವುದಿಲ್ಲ. ಪವಿತ್ರ ಗ್ರಂಥದಲ್ಲಿಯೂ ಅಬ್ಷಾಲೋಮನಿಗಾಗಿ ಅಳುತ್ತಿದ್ದ ದಾವೀದನನ್ನು ಯೋವಾಬನು ಗದರಿಸುತ್ತಾನೆ: ಗೆದ್ದ ಸೈನಿಕರ ಎದುರಿನಲ್ಲಿ ಅರಸನು ಅಳಬಾರದು. ನಾವೂ ಯೋವಾಬನ ಕೆಲಸವನ್ನೇ ಮಾಡುತ್ತಿಲ್ಲವೇ? ಸೈನಿಕನಿಗೆ ಹಾರ ಹಾಕುತ್ತೇವೆ, ಪ್ರಬೋಧನೆಯಲ್ಲಿ ಹೊಗಳುತ್ತೇವೆ. ಅವನು ಕೊಂದವರ ಬಗ್ಗೆ ಅವನ ಬಾಯಿಂದ ಮಾತು ಹೊರಡದಂತೆ ಆ ಹೊಗಳಿಕೆಯಿಂದಲೇ ತಡೆಯುತ್ತೇವೆ.

ಈ ಮೂರು ಪ್ರಶ್ನೆಗಳ ಎದುರಿಗೆ ನಾವು ಇಡಬಯಸುವುದು ಸಮುವೇಲನ ಎರಡನೆಯ ಗ್ರಂಥದ 21ನೆಯ ಅಧ್ಯಾಯದ ರಿಚ್ಪಳನ್ನು. ಸೌಲನು ಗಿಬ್ಯೋನ್ಯರನ್ನು ಕೊಂದ ಅಪರಾಧಕ್ಕೆ ಅವನ ವಂಶದ ಏಳು ಮಂದಿ ಬಲಿಯಾಗುತ್ತಾರೆ. ಅವರಲ್ಲಿ ಇಬ್ಬರು ಅವಳ ಮಕ್ಕಳು. ಅವಳು ಬಂಡೆಯ ಮೇಲೆ ಗೋಣಿತಟ್ಟನ್ನು ಹಾಸಿಕೊಂಡು, ಸುಗ್ಗಿಯ ಆರಂಭದಿಂದ ಮಳೆ ಸುರಿಯುವವರೆಗೂ ಹಗಲು ಹಕ್ಕಿಗಳನ್ನೂ ಇರುಳು ಕಾಡುಮೃಗಗಳನ್ನೂ ಅಟ್ಟುತ್ತಾಳೆ. ತನ್ನ ಮಕ್ಕಳನ್ನಷ್ಟೇ ಅಲ್ಲ, ಏಳು ಮಂದಿಯನ್ನೂ ಕಾಯುತ್ತಾಳೆ. ಅವಳು ಒಂದು ಮಾತನ್ನೂ ಆಡಿದಂತೆ ಗ್ರಂಥ ಹೇಳುವುದಿಲ್ಲ. ಆದರೆ ಸುದ್ದಿ ತಿಳಿದ ದಾವೀದನು, ತನ್ನನ್ನು ಅಟ್ಟಾಡಿಸಿದ ಸೌಲನ ಎಲುಬುಗಳನ್ನೂ ಸೇರಿಸಿ ಎಲ್ಲರಿಗೂ ಸಮಾಧಿ ಮಾಡಿಸುತ್ತಾನೆ. ದೇವರು ನಾಡಿನ ಮೊರೆಗೆ ಕಿವಿಗೊಟ್ಟದ್ದು ಆ ಏಳು ಮಂದಿಯನ್ನು ಕೊಂದಾಗಲಲ್ಲ, ಸಮಾಧಿಯಾದ ಮೇಲೆ ಎಂಬುದನ್ನು 14ನೆಯ ವಚನದಲ್ಲಿ ಗಮನಿಸಬೇಕು. ದುರ್ಯೋಧನನ ಅಳಲಿಗೆ ಇಲ್ಲದ ಫಲ ರಿಚ್ಪಳ ಕಾವಲಿಗೆ ದೊರೆಯಿತು: ಅದು ಅರಸನ ಕೈಯಿಂದ ಹಗೆಯನ್ನು ಬಿಡಿಸಿತು.

ಇಂಥ ಕಾವಲು ಪುರಾತನರಿಗಷ್ಟೇ ಸೇರಿದ್ದಲ್ಲ. 1965ರ ಸೆಪ್ಟೆಂಬರ್ 7ರಂದು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯನವರು ಸರ್ಗೋಧಾದ ದಾಳಿಯಲ್ಲಿ, ತಮ್ಮ ಮಿಸ್ಟೇರ್ ವಿಮಾನಕ್ಕಿಂತ ವೇಗವುಳ್ಳ ಸ್ಟಾರ್‌ಫೈಟರ್ ವಿಮಾನವನ್ನು ಉರುಳಿಸಿ ತಾವೂ ಮಡಿದರು. 1988ರಲ್ಲಿ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ಅವರ ದೇಹವನ್ನು ಪಾಕಿಸ್ತಾನದ ಹಳ್ಳಿಗರು ಕಂಡು ಮಣ್ಣು ಮಾಡಿದರೆಂಬುದು ಅನಂತರ ತಿಳಿದುಬಂದ ಸಂಗತಿ. ದೇವಯ್ಯನವರ ಶೌರ್ಯವನ್ನು ಕೊಡಗು ಯೋಗ್ಯವಾಗಿಯೇ ನೆನೆಯುತ್ತದೆ. ಶತ್ರುವಿಗಾಗಿ ಗುದ್ದಲಿ ಹಿಡಿದ ಆ ಹಳ್ಳಿಗರೂ ನಮ್ಮ ಪ್ರಾರ್ಥನೆಯಲ್ಲಿ ಸೇರಬೇಕಲ್ಲವೇ?

ನ್ಯಾಯಯುದ್ಧದ ವಿಚಾರಕ್ಕೆ ಮೂಲಪುರುಷರೆನಿಸಿದ ಸಂತ ಅಗಸ್ಟೀನರೇ ‘ದೇವರ ನಗರ’ದ 19ನೆಯ ಪುಸ್ತಕದಲ್ಲಿ, ನ್ಯಾಯವಾದ ಯುದ್ಧವನ್ನು ಕುರಿತು ಕೂಡ ಎದೆನೋವಿಲ್ಲದೆ ಯೋಚಿಸಬಲ್ಲವನು ಮನುಷ್ಯಭಾವವನ್ನು ಕಳೆದುಕೊಂಡವನೆಂದು ಬರೆದಿದ್ದಾರೆ. ಜಗದ್ಗುರು ಫ್ರಾನ್ಸಿಸರು 2020ರ ‘ಫ್ರಾತೆಲ್ಲಿ ತುತ್ತಿ’ಯಲ್ಲಿ ಯುದ್ಧದ ಚರ್ಚೆಯನ್ನು ಸಿದ್ಧಾಂತದಲ್ಲಿ ನಿಲ್ಲಿಸದೆ ಗಾಯಗೊಂಡವರ ದೇಹವನ್ನು ಮುಟ್ಟಿ ನೋಡಿರೆಂದು ಕರೆದರು. ಷರತ್ತುಗಳನ್ನು ಕಲಿಸುವ ನಮ್ಮ ಪಠ್ಯಕ್ರಮ ಆ ಎದೆನೋವನ್ನು ಕಲಿಸುತ್ತಿಲ್ಲ. ಮುಂದಿನ ವರ್ಷ ಆ ಪಾಠವನ್ನು ನಾವು ರಿಚ್ಪಳಿಂದ ಆರಂಭಿಸಲಿದ್ದೇವೆ; ಅವಳ ಪಕ್ಕದಲ್ಲಿ ರನ್ನನನ್ನೂ ಓದಿಸಲಿದ್ದೇವೆ.

ಹವಾಲ್ದಾರರ ಪ್ರಶ್ನೆಗೆ ಉತ್ತರ ಧರ್ಮಸಭೆಯ ಕಾನೂನಿನಲ್ಲಿಯೇ ಇತ್ತು. 901ನೆಯ ನಿಯಮದ ಪ್ರಕಾರ ಯಾಜಕನು ಬದುಕಿರುವ ಅಥವಾ ಮರಣಹೊಂದಿದ ಯಾರಿಗಾಗಿಯಾದರೂ ಬಲಿಪೂಜೆಯನ್ನು ಅರ್ಪಿಸಬಹುದು. ಸತ್ತವನ ಧರ್ಮವನ್ನಾಗಲಿ ಹೆಸರನ್ನಾಗಲಿ ಅದು ಕೇಳುವುದಿಲ್ಲ. ಮರುವಾರ ಬಾಳೆಲೆಯ ಆ ಮನೆಯಲ್ಲಿಯೇ ಪೂಜೆ ಅರ್ಪಿಸಿದೆವು. ಮೃತರ ಹೆಸರುಗಳನ್ನು ಓದುವಾಗ ಚೀಟಿಯ ಕೊನೆಯ ಸಾಲನ್ನು ಇದ್ದಂತೆಯೇ ಓದಿದೆವು: ಒಬ್ಬ ಹುಡುಗ. ಪೂಜೆ ಮುಗಿಯುವವರೆಗೂ ಹಿರಿಯರು ಅಳುತ್ತಿದ್ದರು. ಯಾರೂ ಅವರನ್ನು ತಡೆಯಲಿಲ್ಲ.