ಬ್ಯಾಟರಿ ಗಾಡಿಗೆ ಬಂದ ಕೀಲುನೋವು

ಡೀಸೆಲ್ ಗಾಡಿ ಓಡಿಸುವವರಿಗೆ ಒಂದು ಸುಖವಿದೆ. ಎಂಜಿನ್ನಿನ ಗದ್ದಲದಲ್ಲಿ ಗಾಡಿಯ ಅರ್ಧ ಕಾಯಿಲೆ ಕಿವಿಗೇ ಬೀಳುವುದಿಲ್ಲ. ಬ್ಯಾಟರಿ ಗಾಡಿಯಲ್ಲಿ ಬಾಗಿಲಿನ ತಿರುಗಣಿ, ಡ್ಯಾಶ್‌ಬೋರ್ಡಿನ ಸಡಿಲ ಸ್ಕ್ರೂ, ಹಿಂದೆ ಉರುಳಾಡುವ ತೆಂಗಿನಕಾಯಿ, ಎಲ್ಲವೂ ತಮ್ಮ ತಮ್ಮ ವರದಿ ಒಪ್ಪಿಸುತ್ತವೆ. ತಂಗಿಯ ಮಗ ಕಡೂರು ಕಡೆಯ ಯಗಟಿಯಿಂದ ಫೋನ್ ಮಾಡಿ, "ಮಾವ, ಸ್ಟೇರಿಂಗ್ ತಿರುಗಿಸಿದ್ರೆ ಕಾಲ ಹತ್ರ ಟಕ್ ಅಂತೈತೆ. ಬ್ಯಾಟ್ರಿದೇ ಏನೋ ಇರ್ಬೇಕು" ಎಂದ. ಬ್ಯಾಟರಿ ಕಡೆಯಿಂದ ಟಕ್ ಎನ್ನುವುದು ಕರೆಂಟು ಕೂಡಿಸಿ ಬಿಡಿಸುವ ಕಾಂಟ್ಯಾಕ್ಟರ್. ಅದೂ ಕೀ ಹಾಕಿದಾಗೊಮ್ಮೆ, ತೆಗೆದಾಗೊಮ್ಮೆ. ತಿರುವಿನಲ್ಲಿ ಟಕ್ ಎಂದರೆ ಅದು ಕಬ್ಬಿಣದ ದೂರು. ಮಾರನೆಯ ದಿನವೇ ಹೊರಟೆ.

ಗಾಡಿ ನಾಲ್ಕು ಚಕ್ರದ್ದು, ಪುಟ್ಟದು. ತರೀಕೆರೆಯ ಕೆಎ-66 ನಂಬರು. ಹಸಿರು ಪ್ಲೇಟಿನ ಮೇಲೆ ಹಳದಿ ಅಕ್ಷರ, ಅಂದರೆ ಬಾಡಿಗೆಗೆ ಓಡುವ ಬ್ಯಾಟರಿ ಗಾಡಿ. ಸ್ವಂತದ್ದಾಗಿದ್ದರೆ ಅದೇ ಹಸಿರಿನ ಮೇಲೆ ಬಿಳಿ ಅಕ್ಷರ ಇರುತ್ತಿತ್ತು. ಬೆಳಿಗ್ಗೆ ಕಡೂರಿನಲ್ಲಿ ಪಾರ್ಸೆಲ್, ದಿನಸಿ ತುಂಬಿಕೊಂಡು ಯಗಟಿ, ಸಿಂಗಟಗೆರೆ, ಪಂಚನಹಳ್ಳಿ ಕಡೆಗೆಲ್ಲ ಹಂಚಿ, ಬರುವಾಗ ತೆಂಗಿನಕಾಯಿಯೋ ಈರುಳ್ಳಿಯೋ ಸಿಕ್ಕರೆ ಹೇರಿಕೊಂಡು ಬರುವುದು ಅದರ ದಿನಚರಿ. ಕಂಪನಿ ಯಾವುದೆಂದು ಕೇಳಬೇಡಿ. ಊರಿಗೊಂದು ಹಂಪ್, ಹಂಪಿನ ಆಚೆಗೊಂದು ಗುಂಡಿ, ಬೇಸಿಗೆಯ ಧೂಳು, ಮಳೆಗಾಲದ ಕೆಸರು ಸಿಕ್ಕರೆ ಸ್ಟೇರಿಂಗಿನ ಕೀಲು ಯಾವ ಕಂಪನಿಯದಾದರೂ ಸವೆಯುತ್ತದೆ.

ಸರ್ವಿಸ್ ಸೆಂಟರಿನವರು ಫೋನಿನಲ್ಲೇ ರೋಗ ಹೇಳಿಬಿಟ್ಟಿದ್ದರು: "ಪೂರ್ತಿ ಕಾಲಂ ಬದಲಾಯಿಸಬೇಕು." ಊರಿನ ಮೇಸ್ತ್ರಿ ಗಾಡಿ ಮುಟ್ಟಲೇ ಒಲ್ಲ. "ಕರೆಂಟ್ ಗಾಡಿ ಸಾರ್, ಹೊಡೆದುಗಿಡದ್ರೆ ಯಾರು ಜವಾಬ್ದಾರಿ?" ಈ ಭಯಕ್ಕೆ ನಾನು ನಗುವುದಿಲ್ಲ. ಭಯ ಇರಬೇಕಾದ್ದೇ, ಆದರೆ ಇರಬೇಕಾದ ಜಾಗದಲ್ಲಿ. ನಮ್ಮ ದೇಶದ ನಿಯಮದಲ್ಲಿ 60 ವೋಲ್ಟ್ ಡಿ.ಸಿ. ಮೀರಿದ ತಂತಿಗಳಿಗೆ ಕಿತ್ತಳೆ ಬಣ್ಣದ ಹೊದಿಕೆ ಕಡ್ಡಾಯ. ಕಿತ್ತಳೆ ಕಂಡಲ್ಲಿ ಕೈ ಹಿಂದಕ್ಕೆ. ಸ್ಟೇರಿಂಗಿನ ಶಾಫ್ಟ್ ಇರುವುದು ಕಾಲಡಿಯಲ್ಲಿ. ಅದು ಬರಿಯ ಉಕ್ಕು. ಮಾಮೂಲಿ 12 ವೋಲ್ಟ್ ಬ್ಯಾಟರಿಯ ಮೈನಸ್ ಕಳಚಿ, ಹತ್ತು ನಿಮಿಷ ಟೀ ಕುಡಿದು ಬಂದರೆ ಕೆಲಸ ಶುರು ಮಾಡಬಹುದು.

ಬ್ಯಾಟರಿ ಗಾಡಿ ನಮಗೆ ಹೊಸದೇನಲ್ಲ. ಬೆಂಗಳೂರಿನ ರೇವಾ ಎಂಬ ವಿದ್ಯುತ್ ಕಾರು ರಸ್ತೆಗಿಳಿದದ್ದು 2001ರಲ್ಲಿ. ದೇಶದಲ್ಲೇ ಮೊದಲು ವಿದ್ಯುತ್ ವಾಹನಗಳಿಗೊಂದು ನೀತಿ ಮಾಡಿದ್ದು ಕರ್ನಾಟಕ, 2017ರಲ್ಲಿ. 2022ರಲ್ಲಿ ಬಂದ ಟಾಟಾ ಏಸ್ ಇವಿ 21.3 ಯೂನಿಟ್ ಹಿಡಿಯುವ ಬ್ಯಾಟರಿಯ ಮೇಲೆ 600 ಕೆ.ಜಿ. ಹೊರುತ್ತದೆ. ಇಷ್ಟೆಲ್ಲ ಆದರೂ ಚಾಲಕನ ಕೈಗೂ ಚಕ್ರಕ್ಕೂ ನಡುವೆ ಇರುವುದು ಅಜ್ಜನ ಕಾಲದ ಅದೇ ಕಂಬಿ, ಅದೇ ಎರಡು ಕೀಲು. (ಅಜ್ಜಂಪುರದ ಅಮೃತಮಹಲ್ ಎತ್ತು ಕಟ್ಟಿದ ಗಾಡಿಗೆ ಅದೂ ಬೇಕಿರಲಿಲ್ಲ. ಮೂಗುದಾರ ಎಳೆದರೆ ತಿರುಗುವುದು ಎತ್ತು. ಅದಕ್ಕೆ 'ಪ್ಲೇ' ಅನ್ನುವ ಸಡಿಲ ಬಂದದ್ದನ್ನು ಯಾರೂ ಕಂಡಿಲ್ಲ.)

ಹುಣಸೆ ಮರದ ನೆರಳಿಗೆ ಗಾಡಿ ತಂದು ನಿಲ್ಲಿಸಿದೆವು. ಬ್ಯಾಟರಿ ಕಳಚುವ ಮುಂಚೆ, ಕೀ ತಿರುಗಿಸಿ ಸ್ಟೇರಿಂಗ್ ಲಾಕ್ ಬಿಡಿಸಿ, ಅಳಿಯನನ್ನು ಸೀಟಿನಲ್ಲಿ ಕೂರಿಸಿ, "ಬರೀ ಒಂದು ಇಂಚು, ಆ ಕಡೆ ಈ ಕಡೆ ಅಲ್ಲಾಡಿಸ್ತಾ ಇರು" ಎಂದೆ. ನಾನು ಕೆಳಗೆ ಮಲಗಿ ಒಂದೊಂದೇ ಕೀಲಿನ ಮೇಲೆ ಬೆರಳಿಟ್ಟೆ. ಟೈರಾಡ್ ಎಂಡ್ ಎರಡೂ ಗಟ್ಟಿ. ಚಕ್ರ ತಿರುಗಿಸುವ ರ‍್ಯಾಕ್ ಗಟ್ಟಿ. ಶಾಫ್ಟಿನ ಕೆಳಗಿನ ಕೀಲು, ಅಂದರೆ ಯು-ಜಾಯಿಂಟಿನ ಮೇಲೆ ಬೆರಳಿಟ್ಟ ಕೂಡಲೇ ನಾಡಿ ಸಿಕ್ಕಿತು. ಮೇಲಿನ ತುಂಡು ಹೊರಟ ಮೇಲೆ ಕೂದಲೆಳೆಯಷ್ಟು ತಡವಾಗಿ ಕೆಳಗಿನದು ಹೊರಡುತ್ತಿತ್ತು. ರಬ್ಬರ್ ಬೂಟು ಹರಿದು, ಒಳಗಿನ ಗ್ರೀಸು ಒಣಗಿ ಕೆಂಪು ಪುಡಿಯಾಗಿತ್ತು. ಕ್ರಾಸಿನ ಬೇರಿಂಗ್ ತುಕ್ಕು ಹಿಡಿದು ತನ್ನನ್ನೇ ತಿಂದುಕೊಂಡಿತ್ತು.

ಇಂಥ ಗಾಡಿಗಳಲ್ಲಿ ಇದು ಬೇಗ ಸವೆಯಲು ಇನ್ನೊಂದು ಕಾರಣವೂ ಉಂಟು. ನಮ್ಮದರಲ್ಲಿ ಪವರ್ ಸ್ಟೇರಿಂಗಿನ ಮೋಟರ್ ಕಾಲಂ ಮೇಲೇ ಕೂತಿದೆ. ಎಣ್ಣೆ ಒತ್ತಡದ ಹಳೆಯ ಪವರ್ ಸ್ಟೇರಿಂಗಿನಲ್ಲಿ ಆ ಬಲ ಕೆಳಗೆ ರ‍್ಯಾಕಿಗೇ ಸಿಗುತ್ತದೆ. ಶಾಫ್ಟ್ ಹೊರುವುದು ಕೈಯ ಬಲವನ್ನಷ್ಟೆ. ಇಲ್ಲಿ ಕೈಯ ಬಲ, ಮೋಟರಿನ ಬಲ ಎರಡೂ ಈ ಬಡಪಾಯಿ ಕೀಲುಗಳನ್ನು ದಾಟಿಯೇ ಹೋಗಬೇಕು. ನಿಂತ ಗಾಡಿಯಲ್ಲಿ, ಲೋಡಿನ ಮೇಲೆ, ಬೆರಳಲ್ಲೇ ಸ್ಟೇರಿಂಗ್ ತಿರುಗಿಸುವ ಶೋಕಿಗೆ ದುಡ್ಡು ಕಟ್ಟುವುದು ಈ ಕೀಲುಗಳೇ.

ಎರಡೂ ಕೀಲು ಸಮೇತ ಮಧ್ಯದ ಶಾಫ್ಟ್ ಮಾತ್ರ ಬಿಡಿಯಾಗಿ ಸಿಗುತ್ತದೆಂದು ಗೊತ್ತಾದದ್ದು ಬೆಂಗಳೂರಿನ ಒಂದು ಬಿಡಿಭಾಗದ ಅಂಗಡಿಯಿಂದ. ಬಸ್ಸಿನ 'ನಮ್ಮ ಕಾರ್ಗೋ'ದಲ್ಲಿ ಕಡೂರಿಗೆ ಬಂತು. ಅಷ್ಟರಲ್ಲಿ ಊರಿನವರ ಸಲಹೆ ಬಂದಾಗಿತ್ತು: ವೆಲ್ಡಿಂಗ್ ಹೊಡೆಸಿ, ಇಲ್ಲಾ ಗುಜರಿಯಲ್ಲಿ ನೋಡಿ. ಎರಡಕ್ಕೂ ನನ್ನದು ಕಡ್ಡಿ ಮುರಿದಂಥ ಇಲ್ಲ. ಈ ಶಾಫ್ಟಿನ ಎರಡು ತುಂಡು ಒಂದರೊಳಗೊಂದು ಜಾರುವಂತೆ ಮಾಡಿರುವುದೇ, ಮುಂದೆ ಗುದ್ದಿದಾಗ ಸ್ಟೇರಿಂಗ್ ಕಾಲಂ ಚಾಲಕನ ಎದೆಗೆ ನುಗ್ಗದಿರಲಿ ಎಂದು. ವೆಲ್ಡ್ ಮಾಡಿದರೆ ಅದು ಈಟಿ.

ಮೇಸ್ತ್ರಿ ಈ ಹೊತ್ತಿಗೆ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತಿದ್ದ. ಸ್ಪ್ಯಾನರ್ ಅವನ ಕೈಗೇ ಕೊಟ್ಟೆ. ಚಕ್ರ ನೇರ ನಿಲ್ಲಿಸಿ, ಸ್ಟೇರಿಂಗನ್ನು ಸೀಟ್ ಬೆಲ್ಟಿನಿಂದ ಕಟ್ಟಿದೆವು. ಶಾಫ್ಟ್ ಕಳಚಿದ ಮೇಲೆ ಅದನ್ನು ಸುಮ್ಮನೆ ಸುತ್ತಿಸಿದರೆ, ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಒಳಗಿನ ರಿಬ್ಬನ್ ಸುರುಳಿ ಕಿತ್ತುಹೋಗುತ್ತದೆ. ತಂಗಿಯ ಉಗುರುಬಣ್ಣದಲ್ಲಿ ಮೇಲೊಂದು ಕೆಳಗೊಂದು ಗೆರೆ ಎಳೆದೆ. ಗೆರೆ ಯಾಕೆಂದರೆ, 36 ಹಲ್ಲಿನ ಸ್ಪ್ಲೈನಿನಲ್ಲಿ ಒಂದೇ ಹಲ್ಲು ತಪ್ಪಿ ಕೂತರೂ ಸ್ಟೇರಿಂಗ್ 10 ಡಿಗ್ರಿ ಓರೆ. ಅದನ್ನು ಟೈರಾಡ್ ತಿರುಗಿಸಿ ನೇರ ಮಾಡುವವರಿದ್ದಾರೆ. ಅದು ಕಳ್ಳಲೆಕ್ಕ, ಬಲಕ್ಕೆ ಪೂರ್ತಿ ತಿರುಗುವ ಗಾಡಿ ಎಡಕ್ಕೆ ಅಷ್ಟು ತಿರುಗುವುದಿಲ್ಲ.

ಕೆಳಗಿನ ಬೋಲ್ಟನ್ನು ಸಡಿಲ ಮಾಡಿ ಮೇಸ್ತ್ರಿ ಸುತ್ತಿಗೆ ಎತ್ತಿದ. ಕೈ ಹಿಡಿದೆ. ಆ ಬೋಲ್ಟ್ ಪಿನಿಯನ್ನಿನ ಕತ್ತಿನ ತೋಡಿನಲ್ಲಿ ಅಡ್ಡ ಕೂತಿರುತ್ತದೆ. ಪೂರ್ತಿ ಈಚೆ ಬಾರದೆ ಜಾಯಿಂಟ್ ಜಪ್ಪಯ್ಯ ಅಂದರೂ ಅಲುಗದು. ಹೊಡೆದರೆ ಏಟು ಬೀಳುವುದು ರ‍್ಯಾಕಿನ ಒಳಗೆ. ಬೋಲ್ಟ್ ತೆಗೆದ ಮೇಲೆ ಎರಡು ಹನಿ ಎಣ್ಣೆ, ಸೀಳಿಗೆ ಸ್ಕ್ರೂಡ್ರೈವರಿನ ತುದಿ, ಸ್ವಲ್ಪ ಮೀಟು. ಹಲ್ಲು ಬಿಟ್ಟಂತೆ ಬಿಟ್ಟುಕೊಂಡಿತು.

ಹೊಸ ಶಾಫ್ಟನ್ನು ಕೈಯಲ್ಲಿ ಹಿಡಿದು ನೋಡುವುದೇ ಒಂದು ಚಂದ. ಈ ಕೀಲನ್ನು ಇಟಲಿಯ ಕಾರ್ಡಾನೋ, ಇಂಗ್ಲೆಂಡಿನ ಹುಕ್ ಇಬ್ಬರ ಹೆಸರಿನಲ್ಲೂ ಕರೆಯುತ್ತಾರೆ. ಇದಕ್ಕೊಂದು ಹುಟ್ಟುಗುಣವಿದೆ: ಬಾಗಿ ತಿರುಗುವಾಗ ಸಮವಾಗಿ ತಿರುಗುವುದಿಲ್ಲ. 30 ಡಿಗ್ರಿ ಬಾಗಿದ ಒಂದೇ ಕೀಲು ಪ್ರತಿ ಸುತ್ತಿನಲ್ಲಿ ಎರಡು ಸಲ ಶೇ. 15ರಷ್ಟು ಮುಂದೋಡುತ್ತದೆ, ಎರಡು ಸಲ ಶೇ. 13ರಷ್ಟು ಹಿಂದೆ ಬೀಳುತ್ತದೆ. ಎರಡನೆಯ ಕೀಲು ಸರಿಯಾದ ಕೋನದಲ್ಲಿ ಜೊತೆಯಾದರೆ ಒಂದರ ವಕ್ರವನ್ನು ಇನ್ನೊಂದು ತಿದ್ದುತ್ತದೆ. ಶಾಫ್ಟಿನ ಎರಡು ತುಂಡು ಬಿಚ್ಚಿ ಮನಸ್ಸಿಗೆ ಬಂದಂತೆ ಜೋಡಿಸಿದಿರೋ, ತಿದ್ದುವ ಬದಲು ಎರಡೂ ಸೇರಿ ಕೆಡಿಸುತ್ತವೆ. ಒಂದು ಸುತ್ತಿನಲ್ಲಿ ಎರಡು ಸಲ ಬಿಗಿ, ಎರಡು ಸಲ ಸಡಿಲ. ಕೆಲವರು ಇದನ್ನು ರ‍್ಯಾಕಿನ ದೋಷವೆಂದು ತಿಳಿದು ರ‍್ಯಾಕನ್ನೂ ಬದಲಿಸುತ್ತಾರೆ.

ಜೋಡಿಸುವುದು ಸುಲಭ. ಗೆರೆಗೆ ಗೆರೆ ಕೂಡಿಸಿ, ಹೊಸ ಬೋಲ್ಟ್ ಹಾಕಿ, ಟಾರ್ಕ್ ರಿಂಚಿನಲ್ಲಿ ಕೈಪಿಡಿ ಹೇಳಿದಷ್ಟೇ ಬಿಗಿ. ಮೇಸ್ತ್ರಿಗೆ ಈ ರಿಂಚಿನ ಮೇಲೆ ನಂಬಿಕೆ ಇರಲಿಲ್ಲ. "ಕೈಗೇ ಗೊತ್ತಾಗ್ತದೆ ಸಾರ್" ಎಂದ. ಬೇರೆ ಕಡೆ ಇರಬಹುದು. ಇದೊಂದು ಬೋಲ್ಟಿನಲ್ಲಿ ಕೈಯನ್ನು ನಂಬುವುದಿಲ್ಲ. ಬ್ಯಾಟರಿ ಕೂಡಿಸಿ ಕೀ ಹಾಕಿದಾಗ ಸ್ಟೇರಿಂಗಿನ ಹಳದಿ ದೀಪ ಹತ್ತಿ ಆರಿತು. ಆರದಿದ್ದರೆ ಸ್ಕ್ಯಾನರ್ ಇರುವವರ ಹತ್ತಿರ ಹೋಗಿ ಸೊನ್ನೆ ಹೊಂದಿಸಬೇಕಿತ್ತು. ಮಲ್ಲಿಕಾರ್ಜುನಸ್ವಾಮಿ ಗುಡಿಯವರೆಗೆ ಹೋಗಿ ಬಂದೆವು. ಟಕ್ ಇಲ್ಲ, ಸ್ಟೇರಿಂಗ್ ನೇರ. ಇಳಿಯುವ ಮುಂಚೆ ಮೇಸ್ತ್ರಿ ಕಿತ್ತಳೆ ತಂತಿ ಯಾವುದೆಂದು ಇನ್ನೊಮ್ಮೆ ತೋರಿಸಿಕೊಂಡ.

ನೂರು ಕಿಲೋಮೀಟರ್ ಓಡಿದ ಮೇಲೆ ಬೋಲ್ಟ್ ನೋಡು ಎಂದು ಹೇಳಿ ಬಂದಿದ್ದೆ. ಮೊನ್ನೆ ಫೋನ್ ಬಂತು. "ಬೋಲ್ಟ್ ಗಟ್ಟಿಯಾಗೈತೆ ಮಾವ. ಆದ್ರೆ ಈಗ ಹಿಂದಿನ ಚಕ್ರ ಕುಯ್ ಅಂತೈತೆ." ಬ್ಯಾಟರಿ ಗಾಡಿಯಲ್ಲಿ ವೇಗ ತಗ್ಗಿಸುವ ಕೆಲಸವನ್ನು ಬಹುಪಾಲು ಮೋಟರೇ ಮಾಡುವುದರಿಂದ ಬ್ರೇಕಿಗೆ ಕೆಲಸ ಕಡಿಮೆ, ತುಕ್ಕು ಜಾಸ್ತಿ. ಮುಂದಿನ ವಾರ ಡ್ರಮ್ ಬಿಚ್ಚುತ್ತೇವೆ.