ನ್ಯಾನ್ಸಿ ಡ್ರೂ ಕೇಳದೇ ಬಿಟ್ಟ ಪ್ರಶ್ನೆ

ಪತ್ತೇದಾರಿ ಕಾದಂಬರಿಯನ್ನು ಎರಡನೇ ಸಲ ಓದುವವರು ಕಡಿಮೆ. ಕಳ್ಳ ಯಾರೆಂಬ ಕುತೂಹಲ ತೀರಿದ ಮೇಲೂ ಅಮೆರಿಕದ ನ್ಯಾನ್ಸಿ ಡ್ರೂ ಸರಣಿಯನ್ನು ಕೈಗೆತ್ತಿಕೊಂಡರೆ ಕಣ್ಣು ಹೋಗುವುದು ಪತ್ತೇದಾರಳ ಮನೆಯ ಕಡೆಗೆ. ತಂದೆ ಕಾರ್ಸನ್ ಡ್ರೂ ಹೆಸರಾಂತ ವಕೀಲ. ತಾಯಿ ಇಲ್ಲ. ಅಡುಗೆಮನೆ ನೋಡಿಕೊಳ್ಳಲು ಹ್ಯಾನಾ ಗ್ರೂಯೆನ್ ಇದ್ದಾಳೆ. ಬಾಗಿಲಲ್ಲಿ ಸ್ವಂತ ಕಾರು. ಹದಿನಾರರ ಹುಡುಗಿಯನ್ನು ಎಲ್ಲಿಗೆ ಹೊರಟೆಯೆಂದು ತಡೆಯುವವರಿಲ್ಲ. ಅವಳ ಜಾಣತನದಷ್ಟೇ ಈ ಅನುಕೂಲಗಳೂ ಅವಳ ಪರವಾಗಿ ಕೆಲಸ ಮಾಡುತ್ತವೆ.

ಚನ್ನಗಿರಿಯ ಅಡಿಕೆ ತೋಟದ ಮನೆಯ ಹುಡುಗಿಗಾಗಲಿ, ಜಗಳೂರಿನಲ್ಲಿ ಮಳೆ ನಂಬಿ ಬಿತ್ತುವವರ ಮಗಳಿಗಾಗಲಿ ಈ ಸ್ವಾತಂತ್ರ್ಯ ಮಾಯಾಲೋಕದಂತೆ ಕಂಡರೆ ಆಶ್ಚರ್ಯವಿಲ್ಲ. ಹೊನ್ನಾಳಿಯ ಸಂತೆಯಲ್ಲಿ ಇಂಥ ಹುಡುಗಿ ಗುರುತಿಲ್ಲದವರನ್ನು ಏನಾದರೂ ವಿಚಾರಿಸಿದರೆ ಉತ್ತರಕ್ಕೆ ಮೊದಲು ಬರುವುದು ‘ಯಾರ ಮಗಳವ್ವಾ ನೀನು?’ ಎಂಬ ಪ್ರಶ್ನೆ. ಊರಿಗೆ ಊರೇ ಅವಳ ಮೇಲೆ ಪತ್ತೇದಾರಿಕೆ ನಡೆಸುತ್ತಿರುತ್ತದೆ. ಹಾಗಾಗಿ ಈ ಪುಸ್ತಕಗಳು ಕೊಟ್ಟ ಸುಖವನ್ನು ಹಗುರವಾಗಿ ಕಾಣಲಾಗದು. ಹುಡುಗಿಯೊಬ್ಬಳು ಪ್ರಶ್ನೆ ಕೇಳುತ್ತಾಳೆ, ದೊಡ್ಡವರು ಉತ್ತರ ಕೊಡುತ್ತಾರೆ: ಸರಣಿಯ ನಿಜವಾದ ರೋಮಾಂಚನ ಇರುವುದು ಅಲ್ಲಿ.

ಆ ಧೈರ್ಯ ಎಲ್ಲಿಂದ ಬಂತೆಂಬುದೂ ಒಂದು ಪತ್ತೇದಾರಿ ಕಥೆಯೇ. ಲೇಖಕಿಯೆಂದು ಅಚ್ಚಾಗುವ ಕ್ಯಾರಲಿನ್ ಕೀನ್ ಎಂಬವರು ಇರಲೇ ಇಲ್ಲ. ಸರಣಿಯನ್ನು ರೂಪಿಸಿದ ಎಡ್ವರ್ಡ್ ಸ್ಟ್ರಾಟೆಮೆಯರ್ ಕಥೆಯ ಹಂದರ ಹಾಕಿಕೊಟ್ಟರು. 1930ರಲ್ಲಿ ಬಂದ ಮೊದಲ ಪುಸ್ತಕಗಳನ್ನು ಬರೆದವರು ಮಿಲ್ಡ್ರೆಡ್ ವರ್ಟ್ ಬೆನ್ಸನ್. ಮೊದಲ 30ರಲ್ಲಿ 23 ಅವರವೇ. ಸಿಕ್ಕಿದ್ದು ಪುಸ್ತಕಕ್ಕೆ ಇಷ್ಟೆಂದು ಒಂದೇ ಗಂಟಿನ ಹಣ, ಆರಂಭದಲ್ಲಿ 125 ಡಾಲರ್. ರಾಯಧನವಿಲ್ಲ, ಹೆಸರೂ ಇಲ್ಲ. 1980ರಲ್ಲಿ ಪ್ರಕಾಶಕರ ನಡುವಿನ ವ್ಯಾಜ್ಯದಲ್ಲಿ ಬೆನ್ಸನ್ ಸಾಕ್ಷಿ ನುಡಿದಾಗಲೇ ಅವರ ಪಾಲು ಬೆಳಕಿಗೆ ಬಂದದ್ದು. ಉಯಿಲು ಹುಡುಕಿ ನ್ಯಾಯ ಕೊಡಿಸುವ ನಾಯಕಿಯನ್ನು ಸೃಷ್ಟಿಸಿದಾಕೆಗೆ ತನ್ನ ಪುಸ್ತಕಗಳ ಮೇಲೆಯೇ ಹಕ್ಕಿರಲಿಲ್ಲ.

ಮೊದಲ ಕಾದಂಬರಿ ‘ದಿ ಸೀಕ್ರೆಟ್ ಆಫ್ ದಿ ಓಲ್ಡ್ ಕ್ಲಾಕ್’ ಸರಣಿಯ ನೀತಿಯನ್ನು ಬಿಚ್ಚಿಡುತ್ತದೆ. ತೀರಿಹೋದ ಜೋಸಾಯ ಕ್ರೌಲಿಯ ಆಸ್ತಿ ಹೊಸ ಹಣದ ಜಂಬದ ಟಾಪ್‌ಹ್ಯಾಮ್ ಕುಟುಂಬದ ಪಾಲಾಗುವುದರಲ್ಲಿದೆ; ಅದು ಸೇರಬೇಕಾದ್ದು ಬಡ ಬಂಧುಗಳಿಗೆ. ಆ ಬಡವರೋ ಮೃದು ಮಾತಿನವರು, ಸಂಕೋಚದವರು, ಉಪಕಾರ ಸ್ಮರಿಸುವವರು. ನ್ಯಾನ್ಸಿಯ ಕರುಣೆ ಹರಿಯುವುದು ಇಂಥವರ ಕಡೆಗೆ. ಒರಟು ಮಾತು, ಕೊಳಕು ಬಟ್ಟೆ ಕಂಡರೆ ಗುಮಾನಿ ಶುರು. ಯಾರು ಕದ್ದರು, ಎಲ್ಲಿಟ್ಟರು ಎಂಬುದನ್ನು ಬೆನ್ನಟ್ಟುವ ಈ ಸರಣಿ, ಏಕೆ ಕದ್ದರು ಎಂಬಲ್ಲಿ ನಿಲ್ಲುವುದೇ ಇಲ್ಲ. ದುರಾಸೆ ಎಂದರಾಯಿತು, ಪುಟ ಮುಂದಕ್ಕೆ.

1930ರ ಆವೃತ್ತಿಯಲ್ಲಿ ಕಪ್ಪು ಜನಾಂಗದ ಕಾವಲುಗಾರನೊಬ್ಬ ಬರುತ್ತಾನೆ: ಕುಡುಕ, ನಗೆಪಾಟಲಿನ ಭಾಷೆಯವ. 1959ರಿಂದ ಸರಣಿಯನ್ನು ತಿದ್ದಿದಾಗ ಕಾವಲುಗಾರ ಬಿಳಿಯನಾದ, ನ್ಯಾನ್ಸಿಗೆ ಹದಿನೆಂಟಾಯಿತು, 25 ಅಧ್ಯಾಯಗಳ ಕಥೆ 20ಕ್ಕೆ ಇಳಿಯಿತು. ಅವಮಾನ ಅಳಿಯಿತು, ಅದರ ಜೊತೆಗೆ ಆ ಮನುಷ್ಯನೂ ಅಳಿದ. ಅವನಿಗೊಂದು ಮರ್ಯಾದೆಯ ಮಾತು ಕೊಡಬಹುದಿತ್ತು. ಪುಸ್ತಕದಿಂದಲೇ ಕಳಿಸುವುದು ಸುಲಭವೆನಿಸಿರಬೇಕು.

ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಲಕ್ಷಾಂತರ ಓದುಗರನ್ನು ಬೆಳೆಸಿದ. ಹೆಣ್ಣುಮಕ್ಕಳಿಗೆಂದೇ ಅಂಥ ದೀರ್ಘ ಪತ್ತೇದಾರಿ ಸರಣಿ ನೆಲೆಗೊಳ್ಳಲಿಲ್ಲ. ಅವರ ಕೈಗೆ ಸಿಕ್ಕಿದ್ದು ಕಾದಂಬರಿಗಾರ್ತಿ ತ್ರಿವೇಣಿ. ‘ಶರಪಂಜರ’ದ ಕಾವೇರಿ ಬಾಣಂತನದ ನಂತರ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡು, ಗುಣವಾಗಿ ಮರಳಿದರೂ ಮನೆ ಅವಳನ್ನು ನಂಬುವುದಿಲ್ಲ. ತಪ್ಪು ಯಾರದೆಂದು ಓದುಗಳೇ ಪತ್ತೆ ಹಚ್ಚಬೇಕು. ಬೀಗ, ದೀಪ, ನೆಲಮಾಳಿಗೆ ಯಾವುದೂ ಇಲ್ಲದೆ ತ್ರಿವೇಣಿ ನಡೆಸುವ ಈ ತನಿಖೆ ನ್ಯಾನ್ಸಿಯ ತನಿಖೆಗಿಂತ ಆಳಕ್ಕಿಳಿಯುತ್ತದೆ.

ನ್ಯಾನ್ಸಿ ಕೇಳದ ಆ ‘ಏಕೆ’ಯ ತೂಕ ನಿಜವಾದ ಕಳ್ಳತನವೊಂದರಲ್ಲೂ ಕಾಣುತ್ತದೆ. 2024ರ ಅಕ್ಟೋಬರ್‌ನಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಯಿಂದ ಜನ ಅಡವಿಟ್ಟಿದ್ದ 17 ಕಿಲೋಗೂ ಹೆಚ್ಚು ಚಿನ್ನ ಮಾಯವಾಯಿತು. ಕಳ್ಳರು ಖಾರದ ಪುಡಿ ಚೆಲ್ಲಿ, ಸಿಸಿಟಿವಿಯ ಡಿವಿಆರ್ ಕೂಡ ಹೊತ್ತೊಯ್ದಿದ್ದರು. ಆಗಿನ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಉಮಾ ಪ್ರಶಾಂತ್ ಅವರ ನೇತೃತ್ವದ ತನಿಖೆ ತಿಂಗಳುಗಟ್ಟಲೆ ನಡೆದು, 2025ರ ಮಾರ್ಚ್ ಹೊತ್ತಿಗೆ ಚಿನ್ನ ಮದುರೈ ಕಡೆಯ ಬಾವಿಯೊಂದರಲ್ಲಿ ಸಿಕ್ಕಿತು. ಬಾವಿಯೊಳಗಿನ ನಿಧಿ ನ್ಯಾನ್ಸಿಯ ಪುಸ್ತಕಕ್ಕೂ ಒಪ್ಪುತ್ತಿತ್ತು. ಒಪ್ಪದಿರುವುದು ಉಳಿದದ್ದು: ಹಲವು ತಂಡಗಳ ಬೇಸರದ ದುಡಿಮೆ, ಮತ್ತು ಸಾಲದ ಅರ್ಜಿ ತಿರಸ್ಕಾರವಾದದ್ದೇ ಸಂಚಿನ ಮೂಲವೆಂದು ಪೊಲೀಸರು ಹೇಳಿದ ಸಂಗತಿ. ಇದು ಕಳ್ಳತನಕ್ಕೆ ಸಮರ್ಥನೆಯಾಗದು; ಒಡವೆ ಅಡವಿಟ್ಟವರ ಸಂಕಟವೂ ಅದೇ ಬ್ಯಾಂಕಿನಲ್ಲಿತ್ತು. ಆದರೆ ‘ಏಕೆ’ ಎಂದು ಕೇಳಿದಾಗಷ್ಟೇ ಇಡೀ ಊರು ಕಥೆಯೊಳಗೆ ಬರುತ್ತದೆ.

ಆದ್ದರಿಂದ ನ್ಯಾನ್ಸಿಯನ್ನು ಕಪಾಟಿನಿಂದ ತೆಗೆದುಹಾಕಬೇಕಿಲ್ಲ. ಹತ್ತರ ವಯಸ್ಸಿಗೆ ಅವಳ ಧೈರ್ಯ ಬೇಕೇ ಬೇಕು. ಹದಿನೈದಕ್ಕೆ ಅವಳ ಗುಮಾನಿಗಳ ಮೇಲೆ ಗುಮಾನಿಪಡಲು ಕಲಿಯಬೇಕು. ನಮ್ಮವರು ಇಂಥದೊಂದು ಸರಣಿ ಬರೆಯುವುದಾದರೆ ನಾಯಕಿಗೆ ಕಾರು ಕೊಡದಿದ್ದರೂ ನಡೆದೀತು. ಬಸ್ಸಿನಲ್ಲಿ ಓಡಾಡಿಯೇ ಅವಳು ಕಳ್ಳನನ್ನು ಹಿಡಿಯಲಿ. ಹಿಡಿದ ಮೇಲೆ ಅವನನ್ನು ಒಂದು ಮಾತು ಕೇಳದೆ ಪುಸ್ತಕ ಮುಗಿಯದಿರಲಿ.